ಹೊಲದ ಮನೆಗೊಂದು ಮುಖ

ಮೊಬೈಲಿನಲ್ಲಿ ಬರುವ ಪುಟ್ಟ ಮನೆಗಳ ಚಿತ್ರದಲ್ಲಿ ಬಿಸಿಲೇ ಇರುವುದಿಲ್ಲ. ಬೇಕಿದ್ದರೆ ನೋಡಿ. ಹಿಂದೆ ಪೈನ್ ಮರ, ಮುಂದೆ ಮಂಜು, ಮಾಡಿನ ಮೇಲೆ ಒಂದಿಷ್ಟು ಹಿಮ. ಮನೆಗೆ ಕಪ್ಪು ಬಣ್ಣ, ಕಿಟಕಿಯಲ್ಲಿ ಹಳದಿ ದೀಪ. ಯಾರಿಗಾದರೂ ಒಳಗೆ ಹೋಗಿ ಚಹಾ ಕುಡಿಯಬೇಕು ಅನಿಸಬೇಕು, ಹಾಗಿರುತ್ತದೆ.

ನನ್ನ ಅಕ್ಕನ ಮಗನಿಗೆ ಈ ಕ್ಯಾಬಿನ್ ಹುಚ್ಚು ಹಿಡಿದಿದೆ. ಹುನಗುಂದದ ಹತ್ತಿರ ಅವರ ಹೊಲವಿದೆ. ಅಲ್ಲಿ 10 ಬೈ 12 ಅಡಿಯ ಒಂದು ಮನೆ ಕಟ್ಟಬೇಕಂತೆ. ಒಳಗೆ ಏನಿರಬೇಕು ಅನ್ನುವ ಚಿಂತೆ ಅವನಿಗಿಲ್ಲ. ಹೊರಗಿನಿಂದ ಹೇಗೆ ಕಾಣಬೇಕು ಅನ್ನುವುದೊಂದೇ ಚಿಂತೆ. ರಾತ್ರಿ ಊಟವಾದ ಮೇಲೆ ಚಿತ್ರ ಕಳಿಸುತ್ತಾನೆ. ಕೆಳಗೆ, ‘ಮಾಮಾ, ಇದು ಹ್ಯಾಂಗೈತಿ?’

ಅವನಿಗೆ ಜಾಸ್ತಿ ಮೆಚ್ಚುಗೆಯಾದದ್ದು ತ್ರಿಕೋನದ ಮನೆ. ಮಾಡು ನೆತ್ತಿಯಿಂದ ಹೊರಟು ನೆಲ ಮುಟ್ಟುತ್ತದೆ, ಗೋಡೆ ಅನ್ನುವುದೇ ಇಲ್ಲ. ಅಮೆರಿಕದಲ್ಲಿ 1950-60ರ ದಶಕದಲ್ಲಿ ರಜೆಯ ಮನೆ ಅಂದರೆ ಇದೇ ಅನ್ನುವಷ್ಟು ಚಾಲ್ತಿಯಲ್ಲಿತ್ತು. ಬಿದ್ದ ಹಿಮ ನಿಲ್ಲದೆ ಜಾರಿ ಹೋಗಲಿ ಅಂತ ಆ ಕಡಿದಾದ ಇಳಿಜಾರು. ಹುನಗುಂದದಲ್ಲಿ ಮೇಲಿನಿಂದ ಬೀಳುವುದು ಬಿಸಿಲು. ಅದು ಎಷ್ಟು ಇಳಿಜಾರು ಮಾಡಿದರೂ ಜಾರುವುದಿಲ್ಲ. ನಾನು ಇದನ್ನೆಲ್ಲ ವಿವರಿಸಿ ಬರೆಯುವ ಮೊದಲೇ ಅಕ್ಕ ಚಿತ್ರ ನೋಡಿ ಫೋನ್ ಮಾಡಿದಳು. ‘ತಮ್ಮಾ, ಅದರ ಮ್ಯಾಲ ಶಾವಿಗಿ ಹ್ಯಾಂಗ ಒಣಗಸೂದೋ?’ ತ್ರಿಕೋನದ ಕಥೆ ಅಲ್ಲಿಗೆ ಮುಗಿಯಿತು.

ಅಕ್ಕನ ಪ್ರಶ್ನೆ ಸುಮ್ನೆ ಅಲ್ಲ. ಮಾಡಿನ ಆಕಾರ ಯಾರ ಇಷ್ಟದಿಂದಲೂ ಬಂದದ್ದಲ್ಲ ಅನ್ನುವುದು ತಿಳಿಯಬೇಕಾದರೆ ಮಲಪ್ರಭೆಯ ಜೊತೆ ಬರಬೇಕು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಅದು ಹುಟ್ಟುತ್ತದೆ. ಅಲ್ಲಿ ಮಳೆಗಾಲ ಅಂದರೆ ಆಕಾಶಕ್ಕೆ ತೂತು ಬಿದ್ದಂತೆ. ಅಲ್ಲಿನ ಮನೆಗಳಿಗೆ ಕಡಿದಾದ ಹಂಚಿನ ಮಾಡು, ಗೋಡೆ ನೆನೆಯದಂತೆ ಮುಂದೆ ಚಾಚಿದ ಸೂರು. ಹಂಚಿಗೆ ದೂರ ಹೋಗಬೇಕಾಗಿಲ್ಲ, ಖಾನಾಪುರದ ಮಣ್ಣಿಗೆ ಹಂಚು-ಇಟ್ಟಿಗೆಯ ಹೆಸರೇ ಇದೆ. ನದಿ ಸವದತ್ತಿ ದಾಟಿ ಬಾದಾಮಿ ಕಡೆ ಬರುವಷ್ಟರಲ್ಲಿ ಮಳೆ ಕಡಿಮೆಯಾಗುತ್ತದೆ, ಮಾಡು ಮಲಗುತ್ತದೆ. ಪಟ್ಟದಕಲ್ಲು, ಐಹೊಳೆ ಸುತ್ತಿನ ಹಳೇ ಮನೆಗಳೆಲ್ಲ ಮಾಳಿಗೆ ಮನೆಗಳು. ತೊಲೆ, ಜಂತಿ, ಮೇಲೆ ಬಡಿದು ಕೂರಿಸಿದ ಮಣ್ಣು. ಸಮತಟ್ಟು. ಅಲ್ಲಿ ಶಾವಿಗೆ ಒಣಗುತ್ತದೆ, ಸಂಡಿಗೆ ಒಣಗುತ್ತದೆ, ಬೇಸಗೆಯ ರಾತ್ರಿ ಮನೆಮಂದಿ ಮಲಗುತ್ತಾರೆ. ಒಂದೇ ನದಿಯ ದಂಡೆಯಲ್ಲಿ, 300 ಕಿಲೋಮೀಟರಿನಷ್ಟು ಓಟದೊಳಗೆ, ಮನೆಯ ತಲೆ ಇಷ್ಟು ಬದಲಾಗುತ್ತದೆ. ಅಳಿಯನಿಗೆ ಕಣಕುಂಬಿಯಲ್ಲಿ ಹೊಲವಿದ್ದಿದ್ದರೆ ತ್ರಿಕೋನಕ್ಕೆ ನಾನೇ ಹೂಂ ಅನ್ನುತ್ತಿದ್ದೆ.

ಅವನು ಎರಡನೆಯದಾಗಿ ಕಳಿಸಿದ್ದು ಕಪ್ಪು ಮನೆ. ಕಪ್ಪು ಬಳಿದ ಹಲಗೆಯ ಗೋಡೆ, ಕಪ್ಪು ತಗಡಿನ ಮಾಡು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಾಡಿನಲ್ಲಿ ಕಪ್ಪು ಪತ್ರಾಸಿನ ಕೆಳಗೆ ಕೂತವನು ಒಲೆ ಹಚ್ಚದೆ ರೊಟ್ಟಿ ಬೇಯಿಸಬಹುದು. ಕೆಂಪಾದರೆ ಬೇರೆ ಮಾತು. ಸ್ವೀಡನ್ನಿನ ಹಳ್ಳಿಮನೆಗಳೆಲ್ಲ ಒಂದೇ ಥರದ ಮಾಸಲು ಕೆಂಪು ಯಾಕಿವೆ ಗೊತ್ತಾ? ಫಾಲುನ್ ಅನ್ನುವ ಊರಿನಲ್ಲಿ ತಾಮ್ರದ ಗಣಿ ಇತ್ತು. ಗಣಿಯಿಂದ ಉಳಿದ ಕಬ್ಬಿಣದಂಶದ ಮಣ್ಣಿನಿಂದ ಆ ಬಣ್ಣ ಮಾಡಿದರು. ಮರಕ್ಕೂ ಒಳ್ಳೆಯದು ಅಂತ ಬಳಿದುಕೊಂಡರು. ಈಗ ಜಗತ್ತೇ ಅದನ್ನು ಚಂದ ಅನ್ನುತ್ತದೆ. ನಮ್ಮವರೂ ಮಾಡಿದ್ದು ಅದನ್ನೇ ಅಲ್ವಾ? ಬಿಸಿಲು ವಾಪಸ್ ಕಳಿಸಲು ಗೋಡೆಗೆ ಸುಣ್ಣ, ಅದಕ್ಕೆ ಚಿಟಿಕೆ ನೀಲಿ. ಕೆಳಗೆ ಮೊಣಕಾಲೆತ್ತರಕ್ಕೆ ಹುರಮಂಜಿನ ಪಟ್ಟಿ. ಮಳೆಹನಿ ನೆಲಕ್ಕೆ ಬಿದ್ದು ಸಿಡಿಸುವ ಕೆಸರು ಆ ಕೆಂಪಿನಲ್ಲಿ ಕಾಣದೇ ಹೋಗುತ್ತದೆ. ಇಷ್ಟು ಬುದ್ಧಿವಂತಿಕೆಯ ಅಲಂಕಾರ ಯಾವ ಕ್ಯಾಬಿನ್ನಿನಲ್ಲೂ ನಾನು ನೋಡಿಲ್ಲ.

ಪುಟ್ಟ ಮನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕಟ್ಟೆ. 10 ಬೈ 12ರ ಒಳಗೆ ನಾಲ್ಕು ಜನ ಕೂತರೆ ಐದನೆಯವನು ಎಲ್ಲಿ ಹೋಗಬೇಕು? ಮನೆ ಚಿಕ್ಕದಾದಷ್ಟೂ ಬದುಕು ಹೊರಗೆ ಬರುತ್ತದೆ. ಆ ಚಿತ್ರಗಳಲ್ಲೂ ಮುಂದೊಂದು ಹಲಗೆಯ ಜಗಲಿ, ಅದರಲ್ಲಿ ಎರಡು ಕುರ್ಚಿ ಇದ್ದೇ ಇರುತ್ತವೆ. ಕೂತವರು ಮಾತ್ರ ಯಾರೂ ಕಾಣುವುದಿಲ್ಲ. ನಮ್ಮ ಕಟ್ಟೆ ಮೂಡಣಕ್ಕಿರಬೇಕು. ಮಧ್ಯಾಹ್ನ ದಾಟಿದ ಮೇಲೆ ಮನೆಯೇ ಅದಕ್ಕೆ ನೆರಳು ಕೊಡುತ್ತದೆ. ಕೂರಲು ನೆಲಕ್ಕೆ ಹಾಸುವ ಪರಸಿ ಕಲ್ಲು ಸಾಕು. ಇಳಕಲ್ಲಿನ ಕೆಂಪು ಗ್ರಾನೈಟ್ ಪಕ್ಕದಲ್ಲೇ ಸಿಗುತ್ತದೆ ಅಂತ ಅದನ್ನು ಥಳಥಳ ಪಾಲಿಶ್ ಮಾಡಿಸಿ ಹಾಕುವವರಿದ್ದಾರೆ. ಧೋತರ ಉಟ್ಟ ಹಿರಿಯರು ಅದರ ಮೇಲಿಂದ ಜಾರುವುದನ್ನು ನೋಡಬೇಕು.

ಎರಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಕಟ್ಟೆಗೆ ಇನ್ನೊಂದು ಗಂಡಾಂತರವಿದೆ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಗೋಡೆಗೆ ಗರಸು, ಅಂದರೆ ಕೆಳಗಿನ ಗಟ್ಟಿ ನೆಲ, ಸಿಗುವ ತನಕ ಪಾಯ ತೋಡುತ್ತಾರೆ. ಕಟ್ಟೆಯನ್ನು ಮಾತ್ರ ‘ಇದೇನು ಭಾರ ಹೊರೋದೈತಿ’ ಅಂತ ಮೇಲ್ಮೇಲೆ ಕಟ್ಟುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ಮನೆ ಮತ್ತು ಕಟ್ಟೆ ಪಾಲಾದ ಅಣ್ಣತಮ್ಮಂದಿರು. ನಡುವಿನ ಸಂದಿಯಲ್ಲಿ ಓತಿಕ್ಯಾತ ಸಂಸಾರ ಹೂಡಿರುತ್ತದೆ.

ಮನೆಯ ಮುಖ ಹೇಗಿರಬೇಕು ಅಂತ ನೋಡಬೇಕಿದ್ದರೆ ಐಹೊಳೆಗೆ ಹೋಗು ಅಂದೆ. ಅಳಿಯ ನಕ್ಕ. ಗುಡಿ ನೋಡಿ ಮನೆ ಕಟ್ಟುವುದಾ? ಲಾಡಖಾನ ಗುಡಿ ಅದಕ್ಕೆ ಹೇಳಿ ಮಾಡಿಸಿದ್ದು. ಲಾಡಖಾನ ಅನ್ನುವವನು ಹಿಂದೊಮ್ಮೆ ಅದರಲ್ಲಿ ಮನೆ ಮಾಡಿಕೊಂಡಿದ್ದನಂತೆ, ಹೆಸರು ಹಾಗೇ ನಿಂತಿತು. ಆಯ್ಕೆ ಮೆಚ್ಚಲೇಬೇಕು. ಅಂಚಿಗೆ ಇಳಿಜಾರಾದ ಕಲ್ಲಿನ ಚಪ್ಪಡಿಗಳು. ಎರಡು ಚಪ್ಪಡಿ ಸೇರುವ ಕಡೆ ನೀರು ಇಳಿಯದಂತೆ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ. ಮರದ ಮನೆಗೆ ಮಾಡುತ್ತಿದ್ದುದನ್ನೇ ಕಲ್ಲಿನಲ್ಲಿ ಮಾಡಿದ್ದಾರೆ. ಮುಂದಿನ ಮಂಟಪದ ಸುತ್ತ ಒರಗಿ ಕೂರುವಂಥ ಕಲ್ಲಿನ ಆಸನ. ಅಂದರೆ ಅಲ್ಲೂ ಕಟ್ಟೆ! ವಿಜಯಪುರದ ಗೋಲಗುಮ್ಮಟಕ್ಕೆ ಹೋದವರು ಪಿಸುಮಾತು ಕೇಳಿ, ಕೂಗಿ, ಬಂದುಬಿಡುತ್ತಾರೆ. ಹೊರಗೆ ನಿಂತು ಗೋಡೆಯ ಮೇಲ್ಗಡೆ ಮುಂದೆ ಚಾಚಿರುವ ಕಲ್ಲಿನ ಸೂರನ್ನೂ, ಅದನ್ನು ಹೊತ್ತ ಸಾಲು ಸಾಲು ಕಲ್ಲಿನ ಚಾಚುಗಳನ್ನೂ ನೋಡಬೇಕು. ಅಂಥ ದೈತ್ಯನಿಗೂ ಹಣೆಗೊಂದು ನೆರಳು ಬೇಕಾಯಿತು. ನಮ್ಮ ಕಡೆ ಈಗ ಕಟ್ಟುವ ಹೊಲದ ಮನೆಗಳಿಗೆ ಸೂರೇ ಇಲ್ಲ, ಬೋಳು ಡಬ್ಬಿಗಳು.

ನನ್ನ ಕೇಳಿದರೆ ವಿಜಯಪುರ ಜಿಲ್ಲೆಯ ಒಳ್ಳೆಯ ಕ್ಯಾಬಿನ್ ಅಂದರೆ ತಿಕೋಟಾ ಕಡೆಯ ಮಣೂಕದ, ಅಂದರೆ ಒಣದ್ರಾಕ್ಷಿಯ ಶೆಡ್. ದ್ರಾಕ್ಷಿಗೆ ನೇರ ಬಿಸಿಲು ಬಿದ್ದರೆ ಬಣ್ಣ ಕೆಡುತ್ತದೆ. ಹಸಿರು ಉಳಿಯಬೇಕಾದರೆ ನೆರಳು ಬೇಕು, ಗಾಳಿ ಬೇಕು. ಅದಕ್ಕೆ ಮೇಲೆ ಮಾಡು, ಸುತ್ತ ಬೇಕಾದಾಗ ಇಳಿಬಿಡುವ ಹಸಿರು ಬಲೆ, ಒಳಗೆ ಅಂತಸ್ತು ಅಂತಸ್ತಾಗಿ ಹಣ್ಣು. ಗಾಳಿ ಈ ಕಡೆ ಹೊಕ್ಕು ಆ ಕಡೆ ಹೋಗುತ್ತದೆ. ದ್ರಾಕ್ಷಿಗೆ ಇಷ್ಟು ಯೋಚಿಸುವ ರೈತ ತಾನು ಮಲಗುವ ಕೋಣೆಗೆ ಒಂದೇ ಕಿಟಕಿ ಇಡುತ್ತಾನೆ.

ಹೂಕುಂಡ, ಬಳ್ಳಿ, ದೀಪದ ಸರ ಇವೆಲ್ಲ ಅಳಿಯನ ಪಟ್ಟಿಯಲ್ಲಿದ್ದವು. ಹೊಲದ ಮನೆಯ ಗೋಡೆಗೆ ಬಳ್ಳಿ ಹಬ್ಬಿಸಿದರೆ ಹಾವು ಬಾಡಿಗೆ ಕೊಡದೆ ಬಂದು ಇರುತ್ತದೆ. ದೀಪದ ಸರ ಹಾಕಿದರೆ ಮೊದಲ ಮಳೆಯ ರಾತ್ರಿ ಈಚಲು ಹುಳ ಊಟಕ್ಕೆ ಬರುತ್ತವೆ. ಹೊರಗೋಡೆಗೆ ಬೇಕಾದ ಸಾಮಾನು ಮನೆಯಲ್ಲೇ ಇದೆ. ಬಿಸಿಲಿಗೆ ಹಾಕಿದ ಕೌದಿ, ಗೂಟಕ್ಕೆ ತೂಗುಬಿಟ್ಟ ಹಗ್ಗ, ಬೀಜಕ್ಕೆ ಕಟ್ಟಿಟ್ಟ ಗೋವಿನಜೋಳದ ತೆನೆ. ಪಕ್ಕದಲ್ಲಿ ಮನೆಗಿಂತ ದೊಡ್ಡದಾದ ಕಣಕಿ ಬಣವಿ.

ಇಷ್ಟಕ್ಕೆಲ್ಲ ಅವನು ಒಪ್ಪಿದ್ದಾನೆ. ತಕರಾರು ಬಂದಿರುವುದು ಬಾಗಿಲಿನದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಹಳೇ ಬಾಗಲಕೋಟೆ ಬಿಡುವಾಗ ಎಷ್ಟೋ ಮಂದಿ ಬಾಗಿಲು, ತೊಲೆ ಕಿತ್ತುಕೊಂಡು ನವನಗರಕ್ಕೆ ಬಂದರು. ಹಾಗೆ ಬಂದ ತೇಗದ ದಿಡ್ಡಿ ಬಾಗಿಲೊಂದು ಅಕ್ಕನ ಮನೆಯ ಹಿತ್ತಲಿನಲ್ಲಿ ಗೋಡೆಗೆ ಒರಗಿ ನಿಂತಿದೆ. ಹೊಲದ ಮನೆಗೆ ಅದನ್ನೇ ಕೂರಿಸಬೇಕು ಅಂತ ಅವಳ ಹಟ. ಅಳತೆ ಹಿಡಿದು ನೋಡಿದರೆ ಮುಂದಿನ ಗೋಡೆಯ ಮುಕ್ಕಾಲು ಭಾಗ ಬಾಗಿಲೇ ಆಗುತ್ತದೆ. ಕೊಯ್ದು ಸಣ್ಣದು ಮಾಡೋಣ ಅಂದ ಬಡಿಗೇರನಿಗೆ ಅವತ್ತು ಚಹಾ ಸಿಗಲಿಲ್ಲ. ಗೌಂಡಿ ಮಾತ್ರ ಚಹಾ ಕುಡಿದು, ಮೀಸೆ ಒರೆಸಿಕೊಂಡು, ‘ಅಕ್ಕಾರ, ಬಾಗಿಲಾ ಹಂಗ ಇರ್ಲಿ, ಮನೀನ ನಾಕ ಫೂಟ ದೊಡ್ಡದ ಮಾಡೂನು’ ಅಂದಿದ್ದಾನೆ.