ಕೈಗೊಂದು ಜಾಬ್ ಕೊಟ್ಟು ನೋಡಿ

ಕೆಲಸ ಹೋಗಿ ಹದಿನಾಲ್ಕು ತಿಂಗಳಾಯಿತು. ನೂರ ಮೂವತ್ತೇಳು ಅರ್ಜಿ ಹಾಕಿದ್ದೇನೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟಿದ್ದೇನೆ: ತಾರೀಕು, ಕಂಪನಿ, ಯಾರ ಹತ್ತಿರ ಮಾತಾಡಿದೆ, ಏನಂದರು. ಜರ್ಮನಿಯ ಕಂಪನಿಗಳ ಪುಟಗಳಲ್ಲಿ ಕೊನೆಯ ಕಾಲಮ್ಮಿನ ತುಂಬ 'ಇಲ್ಲ' ಎಂದಿದೆ. ಬೆಂಗಳೂರಿನ ಪುಟಗಳಲ್ಲಿ ಆ ಕಾಲಮ್ಮು ಬಹುಪಾಲು ಖಾಲಿ.

ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಲ್ಲಿ. ಓದಿದ್ದು ಬೆಂಗಳೂರಿನ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ), ಟೂಲ್ ಅಂಡ್ ಡೈ ಡಿಪ್ಲೊಮಾ. ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಬಿಇ ಮುಗಿಸಿದೆ. 1998ರಿಂದ 2016ರವರೆಗೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿದ್ದೆ. ಆಮೇಲೆ ಇಲ್ಲಿ, ಕಾರಿನ ಎಂಜಿನ್ ಭಾಗ ಮಾಡುವ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿ. ಡೀಸೆಲ್ ಎಂಜಿನ್ನಿನ ಆರ್ಡರ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು, ಕೊನೆಗೆ ನಮ್ಮ ಲೈನೇ ನಿಂತಿತು. ನನಗೀಗ 48. ಇಲ್ಲೂ ಹುಡುಕುತ್ತಿದ್ದೇನೆ, ಊರಿಗೆ ವಾಪಸ್ ಹೋಗುವ ಮನಸ್ಸೂ ಇದ್ದುದರಿಂದ ಬೆಂಗಳೂರಿನಲ್ಲೂ ಹುಡುಕುತ್ತಿದ್ದೇನೆ. ಹಾಗಾಗಿ ಎರಡೂ ಕಡೆಯ ರೀತಿ ಅಕ್ಕಪಕ್ಕದಲ್ಲೇ ನೋಡಲು ಸಿಕ್ಕಿತು. ಎರಡೂ ಕಡೆ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಇಪ್ಪತ್ತಾರು ವರ್ಷದ ಅನುಭವ ಅಂತ ನಾವು ಹೇಳುತ್ತೇವಲ್ಲ, ಅದನ್ನು ಯಾರಾದರೂ ನೋಡುವುದು ಹೇಗೆ?

ಜರ್ಮನಿಯಲ್ಲಿ ಅದನ್ನು ಕಾಗದದಲ್ಲಿ ನೋಡುತ್ತಾರೆ. ಕೆಲಸ ಬಿಟ್ಟವರಿಗೆ ಕಂಪನಿ 'ತ್ಸೊಯ್ಗ್ನಿಸ್' ಕೊಡಬೇಕು, ಅದು ಕೆಲಸಗಾರನ ಕಾನೂನುಬದ್ಧ ಹಕ್ಕು. ನಮ್ಮ ಎಕ್ಸ್‌ಪೀರಿಯನ್ಸ್ ಲೆಟರಿನ ಹಾಗೆ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಇದ್ದರು, ಶುಭವಾಗಲಿ ಎನ್ನುವ ನಾಲ್ಕು ಸಾಲಲ್ಲ ಅದು. ಏನು ಮಾಡಿದ, ಹೇಗೆ ಮಾಡಿದ, ಜೊತೆಯವರ ಜತೆ ಹೇಗಿದ್ದ ಎಂದು ಒಂದೂವರೆ ಪುಟ. ಬರೆಯುವುದು ಕೆಲಸಗಾರನ ಮುಂದಿನ ದಾರಿಗೆ ಅಡ್ಡವಾಗಬಾರದು, ಆದರೆ ಸುಳ್ಳೂ ಇರಬಾರದು ಎಂದು ನಿಯಮ. ಈ ಎರಡರ ನಡುವೆ ಸಿಕ್ಕಿ ಒಂದು ಗುಪ್ತ ಭಾಷೆಯೇ ಹುಟ್ಟಿಕೊಂಡಿದೆ. 'ಸದಾ ನಮಗೆ ಪೂರ್ಣಾತಿಪೂರ್ಣ ತೃಪ್ತಿಯಾಗುವಂತೆ ಕೆಲಸ ಮಾಡಿದರು' ಎಂದರೆ ಮೊದಲ ದರ್ಜೆ. 'ಸದಾ ನಮಗೆ ಪೂರ್ಣ ತೃಪ್ತಿಯಾಗುವಂತೆ' ಎಂದರೆ ಎರಡನೆಯದು. ಅದರಲ್ಲಿ 'ಸದಾ' ಬಿಟ್ಟರೆ ಮೂರನೆಯದು. 'ಪ್ರಯತ್ನಪಟ್ಟರು' ಎಂದು ಬರೆದರೆ ಕೆಲಸಕ್ಕೆ ಬಾರದವನು ಎಂದರ್ಥ. ಹೊರಗಿನಿಂದ ಬಂದವನಿಗೆ ಎಲ್ಲವೂ ಹೊಗಳಿಕೆಯಂತೆಯೇ ಕಾಣುತ್ತದೆ.

ನನ್ನದರಲ್ಲಿ ಆ 'ಸದಾ' ಇರಲಿಲ್ಲ. ನನಗೆ ಗೊತ್ತಿಲ್ಲದೆ ಆರು ತಿಂಗಳು ಅದೇ ಕಾಗದವನ್ನು ಎಲ್ಲರಿಗೂ ಕಳಿಸಿದ್ದೆ, ಖುಷಿಯಿಂದಲೇ ಕಳಿಸಿದ್ದೆ. ಯುಗಾದಿಗೆ ಸೇರಿದ್ದಾಗ ಇಲ್ಲಿ ಇಪ್ಪತ್ತು ವರ್ಷದಿಂದಿರುವ ಹಿರಿಯರೊಬ್ಬರು ಓದಿ, ಬೆರಳಿಟ್ಟು ತೋರಿಸಿದರು. "ಏನ್ರೀ ಇದು, ಇಲ್ಲಿ ಒಂದು ಪದ ಬಿಟ್ಟಿದಾರಲ್ಲ, ನೋಡ್ಲಿಲ್ವಾ ನೀವು?" ಕಂಪನಿಗೆ ಬರೆದೆ. ಏಳು ವಾರದ ನಂತರ ತಿದ್ದಿದ ಪ್ರತಿ ಬಂತು, ಬೇಕೆಂದು ಬಿಟ್ಟದ್ದಲ್ಲ, ಹಳೆಯ ಮಾದರಿಯನ್ನು ನಕಲು ಮಾಡುವಾಗ ಆದದ್ದು ಎಂದರು. ಇರಬಹುದು. ಒಂದು ಪದದಿಂದ ನನ್ನ ಅರ್ಧ ವರ್ಷ ಹೋಯಿತು.

ಬೆಂಗಳೂರಿನಲ್ಲಿ ಆ ಕಾಗದವನ್ನು ಯಾರೂ ಓದುವುದಿಲ್ಲ. ಅಲ್ಲಿ ಅನುಭವವನ್ನು ಸಂಬಳದಲ್ಲಿ ಅಳೆಯುತ್ತಾರೆ. ಫೋನ್ ಎತ್ತಿದ ಕೂಡಲೆ ಮೂರು ಪ್ರಶ್ನೆ (ಸಿಟಿಸಿ ಎಂದರೆ ವರ್ಷದ ಒಟ್ಟು ಸಂಬಳ): "ಕರೆಂಟ್ ಸಿಟಿಸಿ ಎಷ್ಟು ಸರ್? ಎಕ್ಸ್‌ಪೆಕ್ಟೆಡ್ ಎಷ್ಟು? ನೋಟಿಸ್ ಪೀರಿಯಡ್?" ಕೆಲಸ ಇಲ್ಲಮ್ಮ, ಆದ್ದರಿಂದ ನೋಟಿಸ್ ಪೀರಿಯಡ್ಡೂ ಇಲ್ಲ, ನಾಳೆಯೇ ಸೇರಬಲ್ಲೆ ಎಂದೆ. ಆ ಕಡೆ ಒಂದು ಕ್ಷಣ ಮೌನ. "ಓಹ್, ಗ್ಯಾಪ್ ಇದೆಯಾ ಸರ್? ಸರಿ ಸರ್, ಹೇಳ್ತೀವಿ." ಫೋನ್ ಮಾಡಿದ ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ದಿನಕ್ಕೆ ಇಷ್ಟು ಜನರಿಗೆ ಫೋನ್ ಮಾಡು ಎಂದು ಅವಳಿಗೊಂದು ಪಟ್ಟಿ ಕೊಟ್ಟಿರುತ್ತಾರೆ. ಆದರೆ ತೊಂಬತ್ತು ದಿನ ನೋಟಿಸ್ ಇರುವವನಿಗೆ ಕಾಯುವ ಕಂಪನಿ, ನಾಳೆಯೇ ಬರುತ್ತೇನೆ ಎನ್ನುವವನನ್ನು ಕಂಡು ಹಿಂಜರಿಯುವುದು ಯಾವ ಲೆಕ್ಕ? ಕೆಲಸದಲ್ಲಿ ಇರುವವನಿಗೇ ಕೆಲಸ ಎಂದಾದರೆ ಉಳಿದವರು ಎಲ್ಲಿಗೆ ಹೋಗಬೇಕು?

ಹಳೆಯ ಸಂಬಳ ಕೇಳುವ ಪದ್ಧತಿ ನಮ್ಮಲ್ಲಿ ನಿಲ್ಲಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಅದು ಎಷ್ಟು ಕೆಟ್ಟದ್ದು ಎಂದು ಗೊತ್ತಾಗುವುದು ಕೆಲಸ ಹೋದಾಗಲೇ. ಇಲ್ಲಿ ಜರ್ಮನಿಯಲ್ಲಿ ಪ್ರತಿ ತಿಂಗಳು ಸಂಬಳದಿಂದ ನಿರುದ್ಯೋಗ ವಿಮೆಗೆ ಹಣ ಹಿಡಿಯುತ್ತಾರೆ. ಕೆಲಸ ಹೋದರೆ ಕೈಗೆ ಬರುತ್ತಿದ್ದ ಸಂಬಳದ ಸುಮಾರು ಶೇ. 60, ಮಕ್ಕಳಿದ್ದರೆ ಶೇ. 67, ಐವತ್ತರೊಳಗಿನವರಿಗೆ ಗರಿಷ್ಠ 12 ತಿಂಗಳು ಸಿಗುತ್ತದೆ. 58 ದಾಟಿದವರಿಗೆ 24 ತಿಂಗಳವರೆಗೂ ಉಂಟು. ವಯಸ್ಸಾದಷ್ಟೂ ಹುಡುಕಾಟ ಉದ್ದ ಎಂದು ಕಾನೂನೇ ಒಪ್ಪಿಕೊಂಡಂತೆ. ಆ ಹನ್ನೆರಡು ತಿಂಗಳು ನಮ್ಮ ಮನೆಯ ಬಾಡಿಗೆ ನಿಲ್ಲಲಿಲ್ಲ, ಮಗಳ ಕ್ಲಾಸು ನಿಲ್ಲಲಿಲ್ಲ. ಈಗ ಎರಡು ತಿಂಗಳಿಂದ ಅದು ಮುಗಿದಿದೆ, ಹೆಂಡತಿಯ ಸಂಬಳದಲ್ಲಿ ನಡೆಯುತ್ತಿದೆ.

ನಮ್ಮಲ್ಲಿ ಇಎಸ್‌ಐ (ನಿಗದಿತ ಮಿತಿಯೊಳಗಿನ ಸಂಬಳದವರಿಗಿರುವ ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಮಿಕರಿಗೆ 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ. ಕೆಲಸ ಹೋದರೆ ಸರಾಸರಿ ದಿನದ ವೇತನದ ಅರ್ಧ, ಜೀವಮಾನದಲ್ಲಿ ಹೆಚ್ಚೆಂದರೆ 90 ದಿನ. ಇಎಸ್‌ಐ ಮಿತಿಗಿಂತ ಮೇಲಿನ ಸಂಬಳದವರಿಗೆ ಇಂಥ ನಿರುದ್ಯೋಗ ಭತ್ಯೆಯೂ ಇಲ್ಲ. ಹಾಗಾಗಿ ಏನಾಗುತ್ತದೆ? ಪೀಣ್ಯದ ನನ್ನ ಗೆಳೆಯನೊಬ್ಬ ಎರಡೇ ತಿಂಗಳಿಗೆ ಇಎಂಐ ಒತ್ತಡ ತಾಳಲಾರದೆ ಹಳೆಯ ಸಂಬಳದ ಅರ್ಧಕ್ಕೆ ಒಂದು ಕಡೆ ಸೇರಿದ. ಅಲ್ಲಿಂದ ಮುಂದೆ ಹೋದಲ್ಲೆಲ್ಲ "ಲಾಸ್ಟ್ ಡ್ರಾನ್ ಎಷ್ಟು?" ಅಂತ ಕೇಳಿ, ಆ ಅರ್ಧದ ಮೇಲೆ ಶೇ. 20 ಸೇರಿಸಿ ಕೊಡುತ್ತೇವೆ ಎನ್ನುತ್ತಾರೆ. ಒಮ್ಮೆ ಕಷ್ಟಕ್ಕೆ ಬಗ್ಗಿದವನು ಆಮೇಲೆ ನೆಟ್ಟಗಾಗುವಂತೆಯೇ ಇಲ್ಲ. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ವೇತನ ಪಾರದರ್ಶಕತೆಯ ನಿರ್ದೇಶನದಲ್ಲಿ, ಅಭ್ಯರ್ಥಿಯ ಹಿಂದಿನ ಸಂಬಳ ಕೇಳಕೂಡದು ಎಂದಿದೆ. ಸದಸ್ಯ ದೇಶಗಳು ಅದನ್ನು ಕಾನೂನು ಮಾಡಿಕೊಳ್ಳಲು 2026ರ ಜೂನ್ ಗಡುವು. ಇಂಥದ್ದೊಂದು ನಮಗೂ ಬೇಕು.

ಇನ್ನು 'ಇಲ್ಲ' ಎನ್ನುವ ರೀತಿ. ಇಲ್ಲಿನ ಕಂಪನಿಗಳು ಸಾಮಾನ್ಯವಾಗಿ ಪತ್ರ ಬರೆಯುತ್ತವೆ. ಆದರೆ ಎಲ್ಲ ಪತ್ರವೂ ಒಂದೇ: ಬೇರೊಬ್ಬರನ್ನು ಆರಿಸಿದ್ದೇವೆ, ಇದನ್ನು ನಿಮ್ಮ ಯೋಗ್ಯತೆಯ ಬಗೆಗಿನ ತೀರ್ಪೆಂದು ಭಾವಿಸಬೇಡಿ, ಮುಂದಿನ ದಾರಿಗೆ ಶುಭ ಹಾರೈಕೆ. ಕಾರಣ ಇರುವುದಿಲ್ಲ. ಫೋನ್ ಮಾಡಿ ಕೇಳಿದರೂ ಹೇಳುವುದಿಲ್ಲ. ಇಲ್ಲಿನ 2006ರ ಸಮಾನ ವರ್ತನೆ ಕಾಯ್ದೆಯ ಪ್ರಕಾರ ವಯಸ್ಸು, ಮೂಲ, ಲಿಂಗ ಇತ್ಯಾದಿ ಕಾರಣಕ್ಕೆ ತಳ್ಳಿಹಾಕಿದರೆ ಅಭ್ಯರ್ಥಿ ಪರಿಹಾರ ಕೇಳಬಹುದು. ಕಾರಣ ಬರೆದುಕೊಟ್ಟರೆ ಅದೇ ಸಾಕ್ಷಿಯಾದೀತೆಂದು ವಕೀಲರು ಹೆದರಿಸಿಟ್ಟಿದ್ದಾರೆ. ನಮ್ಮನ್ನು ಕಾಪಾಡಲು ಮಾಡಿದ ಕಾನೂನಿನಿಂದಲೇ, ಎಲ್ಲಿ ಎಡವಿದೆ ಎಂದು ತಿಳಿಯುವ ದಾರಿ ಮುಚ್ಚಿತು. ನಮ್ಮಲ್ಲಿ ಖಾಸಗಿ ಕೆಲಸಕ್ಕೆ ವಯಸ್ಸಿನ ವಿಷಯದಲ್ಲಿ ಅಂಥ ಕಾನೂನಿಲ್ಲ, ಜಾಹೀರಾತಿನಲ್ಲೇ '25ರಿಂದ 35 ವಯಸ್ಸು' ಎಂದು ಹಾಕುತ್ತಾರೆ. ಒಂದು ರೀತಿಯಲ್ಲಿ ಅಲ್ಲಿ ಅರ್ಜಿ ಹಾಕುವ ಶ್ರಮವಾದರೂ ಉಳಿಯುತ್ತದೆ. ಆದರೆ ಹಾಕಿದ ಮೇಲೆ, ಮೂರು ಸುತ್ತಿನ ಸಂದರ್ಶನ ಆದ ಮೇಲೂ, ಮೌನ. ಒಂದು ಕಡೆ ಮೂರನೇ ಸುತ್ತಿನಲ್ಲಿ "ಮನೆ ಎಲ್ಲಿ ಮಾಡ್ತೀರಾ, ಮಗಳ ಸ್ಕೂಲ್ ಹೇಗೆ" ಅಂತೆಲ್ಲ ಕೇಳಿದರು. ನಾವು ಗಂಡ ಹೆಂಡತಿ ರಾತ್ರಿಯೆಲ್ಲ ಕೂತು ಹೆಬ್ಬಾಳವೋ ಯಶವಂತಪುರವೋ ಎಂದು ಮಾತಾಡಿದೆವು. ಆ ಕಂಪನಿಯಿಂದ ಇವತ್ತಿನವರೆಗೆ ಒಂದು ಮೆಸೇಜ್ ಇಲ್ಲ. ನನಗೆ ಆಯ್ಕೆ ಕೊಟ್ಟರೆ, ಕಾರಣವಿಲ್ಲದ ಪತ್ರವೇ ಮೇಲು. ಪತ್ರ ಬಂದ ದಿನ ಬೇಸರವಾಗುತ್ತದೆ, ಮರುದಿನ ಎದ್ದು ಮುಂದಿನ ಅರ್ಜಿ ಬರೆಯಬಹುದು. ಮೌನದಲ್ಲಿ ಆ ಮರುದಿನವೇ ಬರುವುದಿಲ್ಲ.

ಜನರ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಊರಿನ ಕಡೆಗೇ ವಾಲುತ್ತದೆ. ಇಲ್ಲಿ ಪಕ್ಕದ ಮನೆಯವರು ಹದಿನಾಲ್ಕು ತಿಂಗಳಿಂದ ನನ್ನನ್ನು ಬೆಳಿಗ್ಗೆ ಹತ್ತು ಗಂಟೆಗೆ ಕಸದ ಡಬ್ಬಿ ಹತ್ತಿರ ನೋಡುತ್ತಿದ್ದಾರೆ. ಒಂದು ಮಾತು ಕೇಳಿಲ್ಲ. ಕೇಳದಿರುವುದೇ ಇಲ್ಲಿನ ಮರ್ಯಾದೆ, ಅದು ನನಗೆ ಅರ್ಥವಾಗುತ್ತದೆ. ತುಮಕೂರಿಗೆ ಹೋದರೆ ಮದುವೆ ಮನೆಯಲ್ಲಿ ಎಲೆ ಮುಂದೆ ಕೂರುವ ಮೊದಲೇ ಐದು ಜನ ಕೇಳುತ್ತಾರೆ. ಅಮ್ಮ ಪ್ರತಿ ಭಾನುವಾರ, "ಏನಪ್ಪಾ, ಎಲ್ಲಾದ್ರೂ ಹೇಳಿದ್ರಾ?" ಎನ್ನುತ್ತಾಳೆ. ಆ ಪ್ರಶ್ನೆಗೆ ಹೆದರಿ ಎಷ್ಟೋ ಭಾನುವಾರ ಫೋನನ್ನು ತಡವಾಗಿ ಎತ್ತಿದ್ದೇನೆ. ಆದರೆ ಊರಿನಲ್ಲಿ ಕೇಳಿದವರು ಕೇಳಿ ಸುಮ್ಮನಾಗುವುದಿಲ್ಲ. "ನಮ್ ಭಾವಮೈದ ಅಲ್ಲೇ ಇರೋದು, ನಂಬರ್ ಕಳಿಸ್ತೀನಿ ತಡಿ" ಎನ್ನುತ್ತಾರೆ, ಕಳಿಸಿಯೂ ಕಳಿಸುತ್ತಾರೆ. ಆ ಹತ್ತು ನಂಬರಿನಲ್ಲಿ ಒಂಬತ್ತು ಉಪಯೋಗಕ್ಕೆ ಬರಲಿಕ್ಕಿಲ್ಲ. ಆದರೂ ನನಗೋಸ್ಕರ ಹತ್ತು ಜನ ಫೋನ್ ತೆಗೆದರು ಎನ್ನುವುದು ಸಣ್ಣ ವಿಷಯವಲ್ಲ.

1998ರಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದನ್ನು ಹೇಳಬೇಕು. ಪೀಣ್ಯ ಎರಡನೇ ಹಂತದಲ್ಲಿ ಹನ್ನೆರಡು ಜನರ ವರ್ಕ್‌ಶಾಪ್. ಓನರ್ ನನ್ನ ಸರ್ಟಿಫಿಕೇಟ್ ಫೈಲನ್ನು ಟೇಬಲ್ ಮೇಲೆ ಇಡಿಸಿ, ಲೇತ್ ಮೇಲಿಂದ ಆಗಷ್ಟೇ ಇಳಿದ ಅಲ್ಯೂಮಿನಿಯಂ ಜಾಬೊಂದನ್ನು (ಮಷಿನ್ನಿನಲ್ಲಿ ತಯಾರಾಗುವ ಭಾಗಕ್ಕೆ ನಾವು ಜಾಬ್ ಎನ್ನುತ್ತೇವೆ) ಕೈಗೆ ಕೊಟ್ಟು, ಸೂಕ್ಷ್ಮ ಅಳತೆ ತೆಗೆಯುವ ಮೈಕ್ರೋಮೀಟರ್ ಮುಂದೆ ಸರಿಸಿ, "ಸೈಜ್ ಹೇಳು" ಎಂದರು. ಕೈಗೆ ಬಿಸಿ ತಾಗುತ್ತಿತ್ತು. ನಾನು ಅದನ್ನು ಸರ್ಫೇಸ್ ಪ್ಲೇಟ್ (ಅಳತೆಗೆ ಬಳಸುವ ಸಮತಟ್ಟು ಹಲಗೆ) ಮೇಲಿಟ್ಟು ಸುಮ್ಮನೆ ನಿಂತೆ. "ಯಾಕೋ ನಿಂತೆ?" ಎಂದರು. "ಬಿಸಿ ಇದೆ ಸರ್, ಆರಲಿ." ಅಳತೆಯೆಲ್ಲ 20 ಡಿಗ್ರಿ ಲೆಕ್ಕದಲ್ಲಿ. ನೂರು ಮಿಲಿಮೀಟರಿನ ಅಲ್ಯೂಮಿನಿಯಂ ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಇಪ್ಪತ್ತಮೂರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಹಿಗ್ಗಿರುತ್ತದೆ, ಎಷ್ಟೋ ಸಲ ಟಾಲರೆನ್ಸೇ (ಸೈಜಿನಲ್ಲಿ ಒಪ್ಪುವ ಹೆಚ್ಚುಕಡಿಮೆ) ಅಷ್ಟಿರುವುದಿಲ್ಲ. ಅವರು ಫೈಲ್ ವಾಪಸ್ ಕೊಟ್ಟು, "ಸೋಮವಾರದಿಂದ ಬಾ" ಎಂದರು. ಫೈಲನ್ನು ತೆರೆಯಲೇ ಇಲ್ಲ.

ಈ ರೀತಿ ಇಲ್ಲೂ ಇದೆ, ಸಣ್ಣ ವರ್ಕ್‌ಶಾಪುಗಳಲ್ಲಿ. ಒಂದು ದಿನ ಬಂದು ಕೆಲಸ ಮಾಡಿ ತೋರಿಸು ಎನ್ನುತ್ತಾರೆ. ಕಳೆದ ತಿಂಗಳು ಅಂಥ ಒಂದು ಕಡೆಗೆ ಹೋಗಿದ್ದೆ, ಮೂವತ್ತು ಜನರಿರುವ ಜಾಗ. ಅರವತ್ತರ ಆಸುಪಾಸಿನ ಮೈಸ್ಟರ್ (ಪರಿಣತ ಮುಖ್ಯ ಕುಶಲಕರ್ಮಿ) ಒಬ್ಬರು ತೆಳ್ಳನೆಯ ಉಕ್ಕಿನ ರಿಂಗುಗಳ ಒಂದು ಟ್ರೇ ತಂದಿಟ್ಟರು. ಮೈಕ್ರೋಮೀಟರಿನಲ್ಲಿ ಎಲ್ಲಿ ಹಿಡಿದರೂ ಸೈಜ್ ಸರಿ, ಗ್ರಾಹಕರ ಹತ್ತಿರ ಮಾತ್ರ ಕೂರುತ್ತಿಲ್ಲ, ಯಾಕೆ ನೋಡು ಎಂದರು. ನನಗೆ ಪೀಣ್ಯದ ದಿನಗಳು ನೆನಪಾದವು. ಲೇತಿನ ಮೂರು ದವಡೆಯ ಚಕ್ಕಿನಲ್ಲಿ ತೆಳ್ಳನೆ ರಿಂಗನ್ನು ಒಳಗಿನಿಂದ ಬಿಗಿ ಹಿಡಿದು ಹೊರಮೈ ಟರ್ನ್ ಮಾಡಿದರೆ, ಬಿಟ್ಟ ಮೇಲೆ ಅದು ಮೂರು ಮೂಲೆಯ ಆಕಾರಕ್ಕೆ ತಿರುಗುತ್ತದೆ. ಎದುರುಬದುರು ಎರಡು ಬಿಂದು ಹಿಡಿಯುವ ಮೈಕ್ರೋಮೀಟರಿಗೆ ಆ ದೋಷ ಕಾಣುವುದೇ ಇಲ್ಲ. ರಿಂಗನ್ನು ವಿ-ಬ್ಲಾಕಿನ (ವಿ ಆಕಾರದ ಕಚ್ಚಿರುವ ದಿಮ್ಮಿ) ಮೇಲಿಟ್ಟು ಡಯಲ್ (ಏರಿಳಿತ ತೋರಿಸುವ ಮುಳ್ಳಿನ ಗೇಜು) ತಾಗಿಸಿ ನಿಧಾನ ತಿರುಗಿಸಿದೆ. ಮುಳ್ಳು ಒಂದು ಸುತ್ತಿಗೆ ಮೂರು ಸಲ ಎದ್ದು ಬಿತ್ತು. ಮೈಸ್ಟರ್ ಬಗ್ಗಿ ನೋಡಿ, ಅವರೂ ತಿರುಗಿಸಿ ನೋಡಿ, ಹುಡುಗರನ್ನು ಕರೆದು ತೋರಿಸಿದರು. ಆ ಅರ್ಧ ಗಂಟೆ ನನಗೆ ವಯಸ್ಸಿರಲಿಲ್ಲ, ಗ್ಯಾಪ್ ಇರಲಿಲ್ಲ, ಜರ್ಮನ್ ಭಾಷೆಯ ತಪ್ಪುಗಳಿರಲಿಲ್ಲ.

ದೊಡ್ಡ ಕಂಪನಿಯಲ್ಲಿ ಸಾವಿರ ಅರ್ಜಿ ಬಂದಾಗ ಎಲ್ಲರ ಕೈಗೂ ಜಾಬ್ ಕೊಡಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಕೊನೆಗೆ ಉಳಿದ ಐದು ಜನರಿಗೆ ಕೊಡಬಹುದು. ನಾಲ್ಕು ಸುತ್ತು ಮಾತಾಡಿಸುವ ಬದಲು ಅರ್ಧ ದಿನ ಲೈನಿಗೆ ಬಿಡಿ, ಒಂದು ರಿಜೆಕ್ಷನ್ ರಿಪೋರ್ಟ್ (ತಿರಸ್ಕೃತ ಭಾಗಗಳ ವರದಿ) ಮುಂದಿಡಿ, ಏನು ಮಾಡುತ್ತಾನೆ ನೋಡಿ. ಆ ದಿನದ ಕೂಲಿಯನ್ನೂ ಕೊಡಿ. ಆಗ ತ್ಸೊಯ್ಗ್ನಿಸಿನ ಗುಪ್ತ ಭಾಷೆಯೂ ಬೇಡ, ಹಳೆಯ ಸಂಬಳದ ಲೆಕ್ಕವೂ ಬೇಡ.

ಆ ಮೈಸ್ಟರ್ ಮರುದಿನ ತಾವೇ ಫೋನ್ ಮಾಡಿದರು. ಕೆಲಸ ಕೊಡಲು ಆಗುವುದಿಲ್ಲ ಎಂದರು. ಕಾರಣವನ್ನೂ ಹೇಳಿದರು: ನಂಬಿಕೊಂಡಿದ್ದ ಆರ್ಡರ್ ಮುಂದಕ್ಕೆ ಹೋಗಿದೆ, ಇರುವವರಿಗೇ ವಾರಕ್ಕೆ ನಾಲ್ಕು ದಿನದ ಕೆಲಸ, ನಿನ್ನ ಕೆಲಸದಲ್ಲಿ ಕೊರತೆಯಿಲ್ಲ. ನೂರ ಮೂವತ್ತೇಳರಲ್ಲಿ ಕಾರಣ ಹೇಳಿದ 'ಇಲ್ಲ' ಅದೊಂದೇ, ನೋಟ್‌ಬುಕ್ಕಿನಲ್ಲಿ ಪೂರ್ತಿ ಬರೆದುಕೊಂಡಿದ್ದೇನೆ. ಆಮೇಲೆ, ಪೆನ್ನು ಇದೆಯಾ ಎಂದು ಕೇಳಿ ಒಂದು ನಂಬರ್ ಕೊಟ್ಟರು. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಅವರ ಹಳೆಯ ಸಹೋದ್ಯೋಗಿಯ ವರ್ಕ್‌ಶಾಪ್ ಇದೆಯಂತೆ. ನಿನ್ನೆ ಮಾತಾಡಿದೆ. ಗುರುವಾರ ಬೆಳಿಗ್ಗೆ ಏಳಕ್ಕೆ ಬಾ, ಸೇಫ್ಟಿ ಶೂ ಹಾಕಿಕೊಂಡು ಬಾ ಎಂದಿದ್ದಾರೆ. ಬಯೋಡೇಟಾ ಕೇಳಲಿಲ್ಲ.