ಅರ್ಧ ಹಲಗೆಯ ಮಾಸ್ತರ

ಶಾಲೆಯಲ್ಲಿ ಮಕ್ಕಳು ನನ್ನ ಬೆನ್ನ ಹಿಂದೆ ನನ್ನನ್ನು ‘ಅರ್ಧ ಹಲಗೆ ಸರ್’ ಎನ್ನುತ್ತಿದ್ದರು. ಹನ್ನೊಂದು ವರ್ಷ ನಾನು ಕಪ್ಪುಹಲಗೆಯ ಕೆಳಗಿನ ಅರ್ಧದಲ್ಲಿ ಮಾತ್ರ ಬರೆದೆ. ಮೇಲೆ ಬರೆಯಬೇಕೆಂದರೆ ಕೈ ಎತ್ತಬೇಕು. ಎತ್ತಿದರೆ ಕಂಕುಳಿನಿಂದ ಸೊಂಟದವರೆಗೆ ತೊಯ್ದ ಅಂಗಿ ಇಡೀ ತರಗತಿಗೆ ಕಾಣುತ್ತದೆ. ಸಮೀಕರಣ ಉದ್ದವಾದರೆ ಅಳಿಸಿ ಅಲ್ಲೇ ಮತ್ತೆ ಬರೆಯುತ್ತಿದ್ದೆ. ಹಿಂದಿನ ಬೆಂಚಿನವರಿಗೆ ಏನೂ ಕಾಣದೆ ಬೇಸರದಿಂದ ಇಟ್ಟ ಹೆಸರು ಅದು. ನನ್ನ ಗುಟ್ಟು ಅವರಿಗೆ ತಿಳಿದಿರಲಿಲ್ಲ ಎಂದು ಇವತ್ತಿಗೂ ನಂಬಿಕೊಂಡಿದ್ದೇನೆ.

ಕಲಬುರಗಿಯಲ್ಲಿದ್ದುಕೊಂಡು ‘ನನಗೆ ಬೆವರು ಜಾಸ್ತಿ’ ಎಂದು ಹೇಳಿ ನೋಡಿ. ‘ಯಾರಿಗೆ ಕಡಿಮೆ?’ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಅಂಜಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಊರು ಇದು. ಜಗತ್ ವೃತ್ತದಲ್ಲಿ ನಿಂತ ಪ್ರತಿಯೊಬ್ಬನ ಅಂಗಿಯೂ ಬೆನ್ನಿಗೆ ಅಂಟಿರುತ್ತದೆ. ಅಂಥ ಕಡೆ ನನ್ನದೊಂದು ಕಾಯಿಲೆ ಎಂದರೆ ನಂಬುವವರು ಯಾರು? ನಾನೇ ನಂಬಿರಲಿಲ್ಲ. ನಂಬಿಸಿದ್ದು ಬೀದರ್‌ನ ಚಳಿ. ಒಂದು ಡಿಸೆಂಬರ್‌ನಲ್ಲಿ ಅಲ್ಲಿ ಶಿಕ್ಷಕರ ತರಬೇತಿ ಇತ್ತು. ಬೆಳಗ್ಗೆ ಎಲ್ಲರೂ ಶಾಲು ಹೊದ್ದು ಚಹಾದ ಲೋಟಕ್ಕೆ ಕೈ ಕಾಯಿಸಿಕೊಳ್ಳುತ್ತಿದ್ದರು. ನನ್ನ ಸ್ವೆಟರ್ ಮಾತ್ರ ಎರಡೂ ಬಗಲಲ್ಲಿ ಹಸಿಯಾಗಿತ್ತು. ಪಕ್ಕದಲ್ಲಿ ಕುಳಿತವರು ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಮರುವಾರ ಚರ್ಮದ ವೈದ್ಯರ ಬಳಿ ಹೋದೆ.

ಅವರು ಔಷಧಿ ಬರೆಯುವ ಮೊದಲು ಪ್ರಶ್ನೆ ಕೇಳಿದರು. ಯಾವ ವಯಸ್ಸಿನಿಂದ? ಎರಡೂ ಕಡೆ ಒಂದೇ ಸಮವೇ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ? ನಿದ್ದೆಯಲ್ಲೂ ಬೆವರುತ್ತೀರಾ? ಹತ್ತನೆಯ ತರಗತಿಯಿಂದ, ಹೌದು, ಅಪ್ಪನಿಗೆ ಇತ್ತು, ನಿದ್ದೆಯಲ್ಲಿ ಇಲ್ಲ ಎಂದೆ. ಈ ಕೊನೆಯ ಉತ್ತರ ಕೇಳಿ ಅವರ ಮುಖ ಸ್ವಲ್ಪ ಸಡಿಲವಾಯಿತು. ಹುಟ್ಟುಗುಣದಿಂದ ಬರುವ ಅತಿಬೆವರು ಮನುಷ್ಯ ಮಲಗಿದಾಗ ತಾನೂ ಮಲಗುತ್ತದಂತೆ. ರಾತ್ರಿ ಹಾಸಿಗೆ ತೋಯುವ ಬೆವರಿನ ಹಿಂದೆ ಥೈರಾಯ್ಡ್, ಕ್ಷಯ, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿಯುವುದು, ಯಾವುದೋ ಮಾತ್ರೆ, ಹೀಗೆ ಬೇರೆ ಏನಾದರೂ ಇರಬಹುದು. ಆದರೂ ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಿತ್ತು. ಆಮೇಲೆ ಒಂದು ಸಣ್ಣ ಬಾಟಲಿ ಬರೆದುಕೊಟ್ಟರು: ಅಲ್ಯೂಮಿನಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್, 20 ಪ್ರತಿಶತ.

ನಾನು ಮಾಡಿದ ಮೂರ್ಖತನವನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ನಾನು ವಿಜ್ಞಾನದ ಶಿಕ್ಷಕ. ಪ್ರತಿವರ್ಷ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಮಾಡುವವನು. ಮರುದಿನ ಬೆಳಗ್ಗೆ ಸ್ನಾನ ಮಾಡಿ, ಕಂಕುಳ ಕೂದಲು ಬೋಳಿಸಿ, ಇನ್ನೂ ಹಸಿಯಿರುವ ಚರ್ಮದ ಮೇಲೆ ಸೆಂಟು ಬಳಿದಂತೆ ಆ ದ್ರಾವಣ ಬಳಿದೆ. ಪ್ರಾರ್ಥನೆ ಮುಗಿಯುವುದರೊಳಗೆ ಬಗಲಲ್ಲಿ ಹಸಿಮೆಣಸಿನಕಾಯಿ ಅರೆದು ಮೆತ್ತಿದಂತಾಯಿತು. ಅಲ್ಯೂಮಿನಿಯಂ ಕ್ಲೋರೈಡ್ ನೀರಿಗೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಬ್ಲೇಡು ಕೆರೆದ ಚರ್ಮಕ್ಕೆ ಅದು ತಗಲಿದರೆ ಏನಾಗುತ್ತದೆ ಎಂದು ನನ್ನ ಯಾವ ವಿದ್ಯಾರ್ಥಿಯಾದರೂ ಹೇಳುತ್ತಿದ್ದ. ಆ ದಿನ ಎರಡೂ ಕೈ ಮೈಯಿಂದ ದೂರ ಹಿಡಿದು, ಕುಸ್ತಿ ಪೈಲ್ವಾನನಂತೆ ಓಡಾಡಿದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಉರಿ ತಗ್ಗಲೆಂದು ಮನೆಯಲ್ಲಿದ್ದ ಗಜಕರ್ಣದ ಮುಲಾಮು ಹಚ್ಚಿದೆ. ಅದರಲ್ಲಿ ಬಲವಾದ ಸ್ಟಿರಾಯ್ಡ್ ಬೆರೆತಿತ್ತು. ಅಂಥದ್ದನ್ನು ಚರ್ಮದ ಮಡಿಕೆಯಲ್ಲಿ ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಗೆರೆಗಳು ಮೂಡುತ್ತವೆ. ವೈದ್ಯರಿಂದ ಬೈಸಿಕೊಂಡು ಬಂದೆ.

ಸರಿಯಾದ ಕ್ರಮವನ್ನು ಅವರು ಎರಡನೆಯ ಸಲ ಹೇಳಿದರು, ಈ ಸಲ ನಿಧಾನವಾಗಿ. ಹಚ್ಚುವುದು ರಾತ್ರಿ, ಮಲಗುವ ಮುನ್ನ, ಏಕೆಂದರೆ ಆಗ ಬೆವರುಗ್ರಂಥಿಗಳು ಸುಮ್ಮನಿರುತ್ತವೆ. ಔಷಧಿ ಬೆವರಿನ ನಾಳದೊಳಗೆ ಇಳಿದು ಬಿರಡೆಯಂತೆ ಕೂರಲು ಆರೆಂಟು ಗಂಟೆ ಬೇಕು. ಚರ್ಮ ಪೂರ್ತಿ ಒಣಗಿರಬೇಕು, ಗಾಯ, ಗುಳ್ಳೆ ಇರಬಾರದು, ಕೂದಲು ಬೋಳಿಸಿ ಒಂದೆರಡು ದಿನವಾದರೂ ಆಗಿರಬೇಕು. ಬೆಳಗ್ಗೆ ತೊಳೆಯಬೇಕು. ಮೊದಲು ದಿನಾ ರಾತ್ರಿ, ಬೆವರು ಹತೋಟಿಗೆ ಬಂದ ಮೇಲೆ ವಾರಕ್ಕೆ ಒಂದೆರಡು ರಾತ್ರಿ ಸಾಕು. ಬಟ್ಟೆಗೆ ಕಲೆ ಕಟ್ಟುತ್ತದೆ, ಆದ್ದರಿಂದ ಹಳೆಯ ಬನಿಯನ್ನೇ ಗತಿ. ಕೇಳಲು ಸುಲಭ. ಆದರೆ ಮೇ ತಿಂಗಳ ನಮ್ಮ ರಾತ್ರಿಯಲ್ಲಿ ಕರೆಂಟು ಹೋದರೆ ‘ಪೂರ್ತಿ ಒಣ ಚರ್ಮ’ ಎಲ್ಲಿಂದ ತರುವುದು? ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಮೈಯಲ್ಲಿ ಬಿದ್ದುಕೊಂಡು, ಬೀಸಣಿಗೆ ಬೀಸಿಕೊಂಡು, ಹನ್ನೊಂದೂವರೆಗೆ ಹಚ್ಚಿಕೊಂಡ ರಾತ್ರಿಗಳಿವೆ. ಮೈ ಆರದ ರಾತ್ರಿ ಹಚ್ಚದೆ ಬಿಟ್ಟಿದ್ದೇನೆ. ಬಿಟ್ಟರೆ ನಷ್ಟವೇನಿಲ್ಲ.

ಎರಡು ವಾರದಲ್ಲಿ ಅಂಗಿ ಒಣಗಿತು. ಹಲಗೆಯ ತುತ್ತತುದಿಯಲ್ಲಿ ದಿನಾಂಕ ಬರೆದೆ.

ನನ್ನ ತಕರಾರು ಇಲ್ಲಿಂದ ಶುರು. ನಮ್ಮಲ್ಲಿ ಇಂಥ ಬಾಟಲಿಯನ್ನು ಎಷ್ಟೋ ಅಂಗಡಿಗಳಲ್ಲಿ ಚೀಟಿ ಕೇಳದೆ ಕೊಡುತ್ತಾರೆ, ನಾವು ಅದನ್ನು ಅತ್ತರಿನಂತೆ ಹಂಚಿಕೊಳ್ಳುತ್ತೇವೆ. ಸೂಚನೆ ಇರುವೆಯ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಕನ್ನಡದಲ್ಲಿ ‘ರಾತ್ರಿ, ಒಣ ಮೈಗೆ’ ಎಂಬ ಮೂರು ಪದ ಅಚ್ಚು ಮಾಡಲು ಎಷ್ಟು ಶಾಯಿ ಬೇಕು? ವೈದ್ಯರಾದರೂ ಮೊದಲ ಸಲವೇ ನಿಧಾನವಾಗಿ ಹೇಳಬಹುದಿತ್ತು. ಸೆಂಟು ವಾಸನೆ ಮುಚ್ಚುತ್ತದೆ, ಅಷ್ಟೇ. ಇದು ಮೈಯ ಒಂದು ಕೆಲಸವನ್ನೇ ನಿಲ್ಲಿಸುವ ಔಷಧಿ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಅಣ್ಣನ ಮಗಳ ಮದುವೆಯಲ್ಲಿ ನೋಡಿದೆ.

ಅಪ್ಪನ ಬೆವರು ನನಗೆ ಬಂದಂತೆ ಅಣ್ಣನ ಮಗನಿಗೂ ಬಂದಿದೆ. ಅವನು ಇರುವುದು ಅಮೆರಿಕದಲ್ಲಿ. ಅಲ್ಲಿ ಕಂಕುಳ ಬೆವರಿಗೆಂದು 2018ರಲ್ಲಿ ಒಪ್ಪಿಗೆ ಪಡೆದ ಒಂದು ಔಷಧಿಯಿದೆ, ಗ್ಲೈಕೋಪೈರೋನಿಯಂ. ದ್ರಾವಣದಲ್ಲಿ ನೆನೆಸಿದ ಸಣ್ಣ ಬಟ್ಟೆ, ಒಂದೊಂದೂ ಬೇರೆ ಬೇರೆ ಪೊಟ್ಟಣದಲ್ಲಿ. ದಿನಕ್ಕೊಮ್ಮೆ ಒಂದೇ ಬಟ್ಟೆಯಿಂದ ಎರಡೂ ಕಂಕುಳು ಒರೆಸಿ, ತಕ್ಷಣ ಕೈ ತೊಳೆಯಬೇಕು. ಇದು ನಾಳ ಮುಚ್ಚುವುದಿಲ್ಲ. ‘ಬೆವರು’ ಎಂದು ಗ್ರಂಥಿಗೆ ಹೇಳುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮಾತು ಗ್ರಂಥಿಗೆ ತಲುಪದಂತೆ ತಡೆಯುತ್ತದೆ. ತೊಂದರೆಯೆಂದರೆ ಅದೇ ರಾಸಾಯನಿಕ ಕಣ್ಣು, ಬಾಯಿ, ಕರುಳು, ಮೂತ್ರಕೋಶಗಳ ಜೊತೆಯೂ ಮಾತನಾಡುತ್ತದೆ.

ಅವನು ಒಂದು ಪೊಟ್ಟಣವನ್ನು ಮದುವೆ ಮನೆಯ ಟೇಬಲ್ಲಿನ ಮೇಲೆ ಬಿಟ್ಟಿದ್ದ. ನಮ್ಮ ಕಾಕು (ಚಿಕ್ಕಮ್ಮ) ಅದನ್ನು ವಿಮಾನದಲ್ಲಿ ಕೊಡುವ ಒದ್ದೆ ಕಾಗದ ಎಂದುಕೊಂಡು ಹಣೆ, ಕಣ್ಣು, ಕುತ್ತಿಗೆ ಚೆನ್ನಾಗಿ ಒರೆಸಿಕೊಂಡರು. ಅಕ್ಷತೆಯ ಹೊತ್ತಿಗೆ ಮದುಮಗಳ ಮುಖ ಮಸುಕು, ಬೆಳಕು ಕಣ್ಣಿಗೆ ಚುಚ್ಚುತ್ತಿದೆ, ಬಾಯಿ ಒಣಗುತ್ತಿದೆ ಎಂದರು. ಒಬ್ಬರು ಸಕ್ಕರೆ ಏರಿದೆ ಎಂದರು, ಒಬ್ಬರು ಲಕ್ವ ಎಂದರು, ಮತ್ತೊಬ್ಬರು ದೃಷ್ಟಿ ತೆಗೆಯಲು ಉಪ್ಪು ಹುಡುಕಿದರು. ಕಾಕುವಿನ ಎರಡೂ ಕಣ್ಣಪಾಪೆ ಹಿಗ್ಗಿದ್ದವು, ಟಾರ್ಚು ಬಿಟ್ಟರೂ ಕುಗ್ಗಲಿಲ್ಲ. ಖಾಲಿ ಪೊಟ್ಟಣ ಅವರ ಕೈಚೀಲದಲ್ಲೇ ಸಿಕ್ಕಿತು. ದವಾಖಾನೆಯಲ್ಲಿ ವೈದ್ಯರು ಮೊದಲು ಕೇಳಿದ್ದು ಗ್ಲಾಕೋಮಾ, ಅಂದರೆ ಕಣ್ಣಿನ ನರಕ್ಕೆ ಪೆಟ್ಟು ಕೊಡುವ ಕಾಯಿಲೆ, ಇದೆಯೇ ಎಂದು. ಅದಿದ್ದವರಲ್ಲಿ ಇಂಥ ಔಷಧಿ ಕಣ್ಣಿನ ಒತ್ತಡ ಏರಿಸಬಲ್ಲದು. ಪುಣ್ಯಕ್ಕೆ ಇರಲಿಲ್ಲ. ಮರುದಿನದ ಹೊತ್ತಿಗೆ ಕಣ್ಣು ತಿಳಿಯಾಯಿತು. ಮದುವೆಯ ಫೋಟೊದಲ್ಲಿ ಮಾತ್ರ ಅವರು ಕಪ್ಪು ಕನ್ನಡಕದಲ್ಲಿದ್ದಾರೆ, ಅದರ ಬಗ್ಗೆ ಈಗ ಸ್ವಲ್ಪ ಹೆಮ್ಮೆಯೂ ಇದೆ.

ಅದೇ ವೈದ್ಯರು ಅಣ್ಣನ ಮಗನಿಗೆ ಹೇಳಿದ ಮಾತು ನನಗೆ ಹೆಚ್ಚು ಮುಖ್ಯವೆನಿಸಿತು. ಒರೆಸಿದ್ದು ಕಂಕುಳಿಗೇ ಆದರೂ ಔಷಧಿಯ ಸ್ವಲ್ಪ ಪಾಲು ರಕ್ತಕ್ಕೆ ಸೇರುತ್ತದೆ, ಇಡೀ ಮೈಯ ಬೆವರು ತಗ್ಗಬಹುದು. ಹವಾನಿಯಂತ್ರಿತ ಕಚೇರಿಯಲ್ಲಿ ಅದು ಗೊತ್ತಾಗುವುದಿಲ್ಲ. 42 ಡಿಗ್ರಿಯ ಬಿಸಿಲಲ್ಲಿ ಬೀಗರನ್ನು ಕರೆತರಲು ನಾಲ್ಕು ಸಲ ರೈಲು ನಿಲ್ದಾಣಕ್ಕೆ ಓಡುವ ಹುಡುಗನಿಗೆ ಬೆವರು ಬಿಟ್ಟರೆ ಮೈ ತಣಿಸುವ ದಾರಿ ಬೇರೆಯಿಲ್ಲ. ಇಲ್ಲಿರುವಷ್ಟು ದಿನ ಅದನ್ನು ಮುಟ್ಟಬೇಡ, ಬೆವರದೆ ಮೈ ಕಾದು ತಲೆ ಸುತ್ತಿದರೆ ನೆರಳಿಗೆ ಬಂದು ಮೈಗೆ ನೀರು ಹಾಕಿಕೊಂಡು ನೇರ ನನ್ನ ಬಳಿ ಬಾ ಎಂದರು. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತವೆ, ಎರಡೂ ಸೇರಿದರೆ ಕಷ್ಟ ಎಂದೂ ಹೇಳಿದರು.

ಈಗ ನನ್ನ ಬಾಟಲಿ ಕಬ್ಬಿಣದ ಕಪಾಟಿನ ಮೇಲಿನ ಅರೆಯಲ್ಲಿದೆ, ಕನ್ನಡದಲ್ಲಿ ಚೀಟಿ ಅಂಟಿಸಿದ್ದೇನೆ. ಕಳೆದ ವಾರ ಸಹೋದ್ಯೋಗಿಯೊಬ್ಬರು ಸಿಬ್ಬಂದಿ ಕೋಣೆಯಲ್ಲಿ ಮೆಲ್ಲಗೆ ಬಳಿ ಬಂದು, ‘ಸರ್, ನಿಮ್ಮ ಆ ಔಷಧಿ ಎರಡು ಹನಿ ಕೊಡಿ, ನನಗೂ ಬಹಳ ಬೆವರುತ್ತಿದೆ’ ಎಂದರು. ಕೊಡುವ ಮನಸ್ಸಾಯಿತು, ಹಂಚಿಕೊಳ್ಳುವ ಚಟ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆದರೆ ನನ್ನ ವೈದ್ಯರು ಕೇಳಿದ ಪ್ರಶ್ನೆ ಬಾಯಿಗೆ ಬಂತು: ‘ನಿದ್ದೆಯಲ್ಲೂ ಬೆವರುತ್ತೀರಾ?’

‘ರಾತ್ರಿಯೇ ಹೆಚ್ಚು ಸರ್. ದಿಂಬು ತೋಯುತ್ತದೆ, ಒಂದೂವರೆ ತಿಂಗಳಾಯಿತು’ ಎಂದರು. ಆಗ ಅವರ ಪ್ಯಾಂಟಿನ ಬೆಲ್ಟು ನೋಡಿದೆ. ಮೊಳೆಯಿಂದ ಚುಚ್ಚಿದ ಹೊಸ ತೂತು ಇತ್ತು. ಮಧ್ಯಾಹ್ನ ರಜೆ ಬರೆಸಿ, ನನ್ನ ಗಾಡಿಯಲ್ಲೇ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಕಫ ಕೊಟ್ಟು ಬಂದಿದ್ದಾರೆ. ವರದಿ ನಾಳೆ ಬರುತ್ತದೆ.