ಬೆಂಗಳೂರಿನ ವಿಸ್ಕಿಗೆ ಸ್ಕಾಟ್ಲೆಂಡಿನ ಕ್ಯಾಲೆಂಡರ್ ಬೇಡ

"ಇದು ಎಷ್ಟು ವರ್ಷದ್ದು?" ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ) ಬಾಟಲಿಯೊಂದು ಮೇಜಿನ ಮೇಲೆ ಬಂದ ಕೂಡಲೇ ನಮ್ಮಲ್ಲಿ ಏಳುವ ಮೊದಲ ಪ್ರಶ್ನೆ ಇದೇ. 12 ಎಂದರೆ ತಲೆಯಾಡಿಸುತ್ತಾರೆ. 18 ಎಂದರೆ ಬಾಟಲಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಲೇಬಲ್ಲಿನಲ್ಲಿ ವರ್ಷವನ್ನೇ ನಮೂದಿಸಿಲ್ಲ ಎಂದು ಗೊತ್ತಾದರೆ ಮುಖ ಸಪ್ಪಗಾಗುತ್ತದೆ. ಇದರಲ್ಲೇನೋ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಶುರುವಾಗುತ್ತದೆ. ಮೂಸಿ ನೋಡುವ ಮೊದಲೇ ತೀರ್ಪು ಮುಗಿದಿರುತ್ತದೆ.

ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದರೆ ಸಿಗುವ ಕಂಬೀಪುರದಲ್ಲಿ ಅಮೃತ್ ಎಂಬ, ಜಗತ್ತೇ ಮೆಚ್ಚಿದ ವಿಸ್ಕಿ ತಯಾರಾಗುತ್ತದೆ. ಅದನ್ನು ಇಲ್ಲಿಯ ಬಿಸಿಲು, ಇಲ್ಲಿಯ ಗಾಳಿ, ಇಲ್ಲಿಯ ಎತ್ತರ ಸೇರಿ ಹದ ಮಾಡಿವೆ. ಅದನ್ನು ಅಳೆಯಲು ಮಾತ್ರ ನಾವು ಸ್ಕಾಟ್ಲೆಂಡಿನ ಮಂಜಿನಲ್ಲಿ ತಯಾರಾದ ಕ್ಯಾಲೆಂಡರನ್ನು ಹಿಡಿದು ಕುಳಿತಿದ್ದೇವೆ.

ವಯಸ್ಸು ಏಕೆ ಮುಖ್ಯವಾಯಿತು ಎಂಬುದನ್ನು ಮೊದಲು ನೋಡೋಣ. ಭಟ್ಟಿಯಿಂದ ಇಳಿದ ಮದ್ಯಕ್ಕೆ ಬಣ್ಣವಿರುವುದಿಲ್ಲ, ನೀರಿನಷ್ಟು ತಿಳಿಯಾಗಿರುತ್ತದೆ. ಬಣ್ಣ ಬರುವುದು ಓಕ್ ಪೀಪಾಯಿಯಿಂದ. ರುಚಿಯ ದೊಡ್ಡ ಪಾಲೂ ಅಲ್ಲಿಂದಲೇ. ಸೆಖೆಯಾದಾಗ ಮದ್ಯ ಹಿಗ್ಗಿ ಮರದ ಒಳಕ್ಕೆ ಇಳಿಯುತ್ತದೆ, ತಂಪಾದಾಗ ಕುಗ್ಗಿ ಹೊರಬರುತ್ತದೆ. ಹೀಗೆ ಹೋಗಿಬರುವಾಗ ಮರದಲ್ಲಿರುವ, ವೆನಿಲ್ಲಾದ ವಾಸನೆಯ ವೆನಿಲಿನ್, ಒಗರು ಕೊಡುವ ಟ್ಯಾನಿನ್, ತೆಂಗಿನಕಾಯಿಯ ವಾಸನೆ ಕೊಡುವ ಲ್ಯಾಕ್ಟೋನ್‌ಗಳನ್ನು ಎಳೆದುಕೊಂಡು ಬರುತ್ತದೆ. ಜೊತೆಗೆ ಮರದ ಸೂಕ್ಷ್ಮ ರಂಧ್ರಗಳ ಮೂಲಕ ಒಳಬರುವ ಗಾಳಿ ತನ್ನ ಕೆಲಸವನ್ನು ನಿಧಾನವಾಗಿ ಮಾಡುತ್ತಿರುತ್ತದೆ. ತಣ್ಣನೆಯ ಸ್ಕಾಟ್ಲೆಂಡಿನಲ್ಲಿ ಇದೆಲ್ಲ ಆಗಲು ಬಹಳ ವರ್ಷ ಬೇಕು. ಅಲ್ಲಿಯ ಕಾನೂನಿನ ಪ್ರಕಾರ 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಲೇಬೇಕು. ವಾಸ್ತವದಲ್ಲಿ ಒಳ್ಳೆಯ ಮಾಲ್ಟ್‌ಗಳು 10, 12, 15 ವರ್ಷ ಕಾಯುತ್ತವೆ. ಅಲ್ಲಿ ವಯಸ್ಸಿಗೆ ಅರ್ಥವಿದೆ. ಅದು ಆ ಊರಿನ ಹವೆಗೆ ಹೊಂದಿಕೊಂಡ ಲೆಕ್ಕ.

ಈಗ ಬೆಂಗಳೂರಿಗೆ ಬನ್ನಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಏಪ್ರಿಲ್ ಮಧ್ಯಾಹ್ನದ ಬಿಸಿಲು ಎಂಥದು, ಡಿಸೆಂಬರ್ ರಾತ್ರಿಯ ಚಳಿ ಎಂಥದು ಎಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಈ ಹವೆಯಲ್ಲಿ ಪೀಪಾಯಿಯೊಳಗಿನ ವ್ಯವಹಾರ ಬಹಳ ಬಿರುಸು. ಆವಿಯಾಗಿ ಹೋಗುವ ಪ್ರಮಾಣವೂ ಹಾಗೆಯೇ. ಹೀಗೆ ಹಾರಿಹೋಗುವುದಕ್ಕೆ ದೇವತೆಗಳ ಪಾಲು ಎನ್ನುವ ರೂಢಿಯಿದೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ 2. ಬೆಂಗಳೂರಿನಲ್ಲಿ ಶೇ 10ರಿಂದ 12.

ಈ ಎರಡು ಅಂಕಿಗಳನ್ನು ಇಟ್ಟುಕೊಂಡು ಒಮ್ಮೆ ಲೆಕ್ಕ ಹಾಕಿ. 200 ಲೀಟರಿನ ಪೀಪಾಯಿಯನ್ನು ತುಂಬಿಸಿ ಸ್ಕಾಟ್ಲೆಂಡಿನಲ್ಲಿ 12 ವರ್ಷ ಇಟ್ಟರೆ ಕೊನೆಗೆ 155 ಲೀಟರಿಗಿಂತ ಹೆಚ್ಚೇ ಉಳಿಯುತ್ತದೆ. ಅದೇ ಪೀಪಾಯಿಯನ್ನು ವರ್ಷಕ್ಕೆ ಶೇ 12 ಹೋಗುವ ಕಡೆ ಇಟ್ಟರೆ 5 ವರ್ಷಕ್ಕೇ ಅರ್ಧದ ಹತ್ತಿರಕ್ಕೆ ಬರುತ್ತದೆ. 12 ವರ್ಷಕ್ಕೆ ಉಳಿಯುವುದು 43 ಲೀಟರ್ ಮಾತ್ರ. ಉಳಿದದ್ದೂ ಮರದ ರಸವನ್ನು ಅತಿಯಾಗಿ ಕುಡಿದು ಒಗರಾಗುವ ಅಪಾಯವಿದೆ. ಅಮೃತ್ ಡಿಸ್ಟಿಲರಿಯವರು 2013ರಲ್ಲಿ 8 ವರ್ಷದ ಮಾಲ್ಟ್ ಒಂದನ್ನು ಹೊರತಂದಾಗ ಅದಕ್ಕೆ ಗ್ರೀಡಿ ಏಂಜಲ್ಸ್ (ದುರಾಸೆಯ ದೇವತೆಗಳು) ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ. ಸ್ಕಾಟ್ಲೆಂಡಿನಲ್ಲಿ 8 ವರ್ಷವೆಂದರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಅಷ್ಟು ವರ್ಷ ಪೀಪಾಯಿಯನ್ನು ಕಾಪಾಡಿಕೊಂಡು ಬರುವುದೇ ದೊಡ್ಡ ಸಾಹಸ.

ಶಿರಸಿಯ ಅಂಗಳದಲ್ಲಿ ಹಪ್ಪಳ ಒಣಗಲು ಬೇಕಾಗುವ ದಿನಗಳೇ ಬೇರೆ, ಬಳ್ಳಾರಿಯ ಮಾಳಿಗೆಯ ಮೇಲೆ ಬೇಕಾಗುವ ಹೊತ್ತೇ ಬೇರೆ. ಎಷ್ಟು ದಿನ ಒಣಗಿಸಿದಿರಿ ಎಂದು ಕೇಳಿ ಹಪ್ಪಳದ ಬೆಲೆ ಕಟ್ಟುವವರನ್ನು ನಾನಂತೂ ನೋಡಿಲ್ಲ. ಕರಿದು, ಮುರಿದು, ಬಾಯಿಗಿಟ್ಟು ನೋಡುತ್ತಾರೆ.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ವಿಸ್ಕಿಯನ್ನು ಸಮರ್ಥಿಸುವ ಉತ್ಸಾಹದಲ್ಲಿ "ಇಲ್ಲಿಯ ಒಂದು ವರ್ಷ ಅಲ್ಲಿಯ ಮೂರು ವರ್ಷಕ್ಕೆ ಸಮ" ಎನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ನನಗೆ ಈ ಗುಣಾಕಾರ ಒಪ್ಪಿಗೆಯಿಲ್ಲ. ಬಿಸಿಲು ಮರದ ರಸವನ್ನು ಬೇಗ ಇಳಿಸಬಲ್ಲದು, ನಿಜ. ಆದರೆ ಗಾಳಿಯೊಂದಿಗೆ ನಡೆಯುವ ನಿಧಾನದ ಬದಲಾವಣೆಗಳೆಲ್ಲ ಅದೇ ವೇಗದಲ್ಲಿ ಓಡುವುದಿಲ್ಲ. ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ 18 ವರ್ಷದ ಮಾಲ್ಟ್‌ನಲ್ಲಿ ಒಂದು ಮೃದುತ್ವ ಇರುತ್ತದೆ, ಎಲ್ಲ ಅಂಚುಗಳೂ ಸವೆದ ಹಾಗಿನ ಒಂದು ಸಮಾಧಾನ. ಅದು ಕಂಬೀಪುರದ 5 ವರ್ಷದಲ್ಲಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಕಂಬೀಪುರದ್ದರಲ್ಲಿ ಬಾರ್ಲಿಯ ಯೌವನದ ಕಸುವೂ ಮರದ ಗಾಢತೆಯೂ ಒಟ್ಟಿಗೇ ಇರುತ್ತವೆ. ಈ ಜೋಡಿ ಸ್ಕಾಟ್ಲೆಂಡಿನಲ್ಲಿ ಅಪರೂಪ. 5ನ್ನು 3ರಿಂದ ಗುಣಿಸಿ 15 ಎಂದರೆ ಪುನಃ ಅವರ ಕ್ಯಾಲೆಂಡರಿಗೇ ಶರಣಾದಂತೆ. ನಮ್ಮ ಮಾಲ್ಟ್ ಯಾವುದೋ 15 ವರ್ಷದ ಸ್ಕಾಚಿನ ಅಗ್ಗದ ಬದಲಿಯಲ್ಲ. ಅದು ಬೇರೆಯೇ ವಸ್ತು.

ಈ ವಸ್ತುವನ್ನು ಮಾಡಿದವರು ಎಷ್ಟು ಧೈರ್ಯ ತೋರಿಸಿದರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಹೆಮ್ಮೆಯಾಗುತ್ತದೆ. ಅಮೃತ್ ಡಿಸ್ಟಿಲರೀಸ್ 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆ. ಅವರ ಮಗ ನೀಲಕಂಠ ರಾವ್ ಜಗದಾಳೆಯವರ ಕಾಲದಲ್ಲಿ, 2004ರ ಆಗಸ್ಟ್‌ನಲ್ಲಿ, ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಎಲ್ಲಿ? ಬೆಂಗಳೂರಿನಲ್ಲಲ್ಲ, ದೆಹಲಿಯಲ್ಲೂ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಭಾರತದ ವಿಸ್ಕಿ ಎಂದರೆ ಮೂಗು ಮುರಿಯುತ್ತಿದ್ದ ಕಾಲ ಅದು, ಮತ್ತು ಆ ತಾತ್ಸಾರಕ್ಕೆ ಕಾರಣವೂ ಇತ್ತು. ನಮ್ಮ ದೇಶದಲ್ಲಿ ವಿಸ್ಕಿ ಎಂದು ಮಾರಾಟವಾಗುತ್ತಿದ್ದ ಅಗ್ಗದ ಸರಕಿನ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರದ ಮೇಲೆ ನಿಂತಿತ್ತು. ಯುರೋಪಿನ ನಿಯಮದ ಪ್ರಕಾರ ಧಾನ್ಯದಿಂದ ತೆಗೆಯದ್ದನ್ನು ವಿಸ್ಕಿ ಎಂದು ಮಾರುವಂತೆಯೇ ಇಲ್ಲ. (ಕಾಕಂಬಿಯ ಬಗ್ಗೆ ನನಗೆ ಅಗೌರವವಿಲ್ಲ. ಒಳ್ಳೆಯ ರಮ್ ಅದರಿಂದಲೇ ಬರುತ್ತದೆ. ಬೆಲ್ಲದ ಮದ್ಯವನ್ನು ಬೆರೆಸಿ ಅಮೃತ್‌ನವರೇ ಟೂ ಇಂಡೀಸ್ ಎಂಬ ರಮ್ ಮಾಡಿದ್ದಾರೆ, ಸೊಗಸಾಗಿದೆ. ಆದರೆ ರಮ್ಮನ್ನು ರಮ್ ಎಂದೇ ಕರೆಯಬೇಕು.)

2009ರಲ್ಲಿ ಅಮೃತ್ ಫ್ಯೂಷನ್ ಬಂತು. ಭಾರತದ ಬಾರ್ಲಿಯ ಜೊತೆಗೆ ಪೀಟ್ (ಜೌಗು ನೆಲದಲ್ಲಿ ಕೊಳೆತ ಸಸ್ಯಗಳ ಇಂಧನ) ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿ, ಆಲ್ಕೊಹಾಲ್ ಶೇ 50. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಬೈಬಲ್ ಎಂಬ ಕೈಪಿಡಿಯಲ್ಲಿ ಅದಕ್ಕೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದರು. ಫ್ಯೂಷನ್ ಲೇಬಲ್ಲಿನ ಮೇಲೆ ವರ್ಷದ ಸಂಖ್ಯೆ ಇಲ್ಲ. ಅದೇ 2010ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ, ಹೆಸರು ಮುಚ್ಚಿ ನಡೆಸಿದ ಒಂದು ಪರೀಕ್ಷೆಯಲ್ಲಿ ತೈವಾನಿನ ಕವಲಾನ್ ವಿಸ್ಕಿ ಸ್ಕಾಚ್‌ಗಳನ್ನು ಹಿಂದಿಕ್ಕಿ ಮೊದಲು ಬಂತು. ಅದೂ ಬಿಸಿ ನಾಡಿನದೇ, ಅದೂ ಎಳೆಯದೇ. ಆ ಒಂದು ಚಳಿಗಾಲದಲ್ಲಿ ವಯಸ್ಸಿನ ಮೇಲೆ ಕಟ್ಟಿದ್ದ ಕೋಟೆಗೆ ಎರಡು ಕಡೆಯಿಂದ ಬಿರುಕು ಬಿತ್ತು. ಆದರೂ ನಮ್ಮ ಎಂ.ಆರ್.ಪಿ. ಅಂಗಡಿಗಳ ಮುಂದೆ ನಿಂತವರು ಈಗಲೂ ಸಂಖ್ಯೆಯನ್ನೇ ಹುಡುಕುತ್ತಾರೆ.

ಹಾಗಾದರೆ ಲೇಬಲ್ಲಿನಲ್ಲಿ ಏನನ್ನು ನೋಡಬೇಕು? ಪೀಪಾಯಿ ಯಾವುದು ಎಂದು ನೋಡಿ. ಅಮೆರಿಕದ ಬರ್ಬನ್ ವಿಸ್ಕಿಗೆ ಪ್ರತಿ ಸಲವೂ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕೆಂಬ ಕಾನೂನಿದೆ. ಹೀಗಾಗಿ ಒಮ್ಮೆ ಬಳಸಿದ ಪೀಪಾಯಿಗಳು ಲೋಕಕ್ಕೆಲ್ಲ ಸಿಗುತ್ತವೆ. ಅವುಗಳಿಂದ ವೆನಿಲ್ಲಾ, ಜೇನು, ಕೊಬ್ಬರಿಯ ಕಡೆಗಿನ ರುಚಿ ಬರುತ್ತದೆ. ಶೆರಿ ಎಂಬ ಸ್ಪೇನಿನ ವೈನ್ ಇಟ್ಟಿದ್ದ ಪೀಪಾಯಿಯಾದರೆ ಒಣದ್ರಾಕ್ಷಿ, ಖರ್ಜೂರ, ಮಸಾಲೆ. ಆಲ್ಕೊಹಾಲ್ ಪ್ರಮಾಣ ಎಷ್ಟು ಎಂದು ನೋಡಿ: ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಶೇ 42.8ಕ್ಕೂ ಶೇ 46 ಅಥವಾ 50ಕ್ಕೂ ಬಾಯಲ್ಲಿ ಬಹಳ ವ್ಯತ್ಯಾಸವಿದೆ. ಬಣ್ಣವನ್ನು ಮಾತ್ರ ನಂಬಬೇಡಿ. ಸ್ಕಾಚಿಗೂ ಬಣ್ಣಕ್ಕಾಗಿ ಕ್ಯಾರಮೆಲ್ ಸೇರಿಸಲು ಅಲ್ಲಿಯ ಕಾನೂನೇ ಅವಕಾಶ ಕೊಡುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಮೂಗು ಮತ್ತು ನಾಲಿಗೆ. 30 ಎಂ.ಎಲ್. ಸಾಕು. ಬಾಯಿ ಕಿರಿದಾದ ಲೋಟ ಬೇಕು, ವಾಸನೆ ಅಲ್ಲಿ ಒಟ್ಟುಗೂಡುತ್ತದೆ. ಐಸ್ ಬೇಡ, ತಣ್ಣಗಾದಷ್ಟೂ ವಾಸನೆ ಏಳುವುದಿಲ್ಲ. ಸುರಿದ ಕೂಡಲೇ ಮೂಗನ್ನು ಒಳಗಿಳಿಸಿದರೆ ಆಲ್ಕೊಹಾಲ್ ಹೊಡೆಯುತ್ತದೆ, ಬೇರೇನೂ ತಿಳಿಯುವುದಿಲ್ಲ. ಸ್ವಲ್ಪ ಹೊತ್ತು ಬಿಡಿ. ಬಾಯಿಯನ್ನು ತುಸು ತೆರೆದುಕೊಂಡು ಮೆಲ್ಲಗೆ ಮೂಸಿ. ಫ್ಯೂಷನ್‌ನಲ್ಲಿ ನನಗೆ ಮೊದಲು ಬರುವುದು ಮೊಳಕೆಯ ಬಾರ್ಲಿಯ ಸಿಹಿ, ಆಮೇಲೆ ಕಿತ್ತಳೆ ಸಿಪ್ಪೆ, ಆಲೆಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬರುವ ಹೊತ್ತಿನ ಗಂಧ. ಹೊಗೆ ಎಲ್ಲೋ ಹಿಂದಿನಿಂದ, ಕೊನೆಗೆ. ನಿಮಗೆ ಬೇರೆಯೇ ಬರಬಹುದು. ವಿದೇಶಿ ಪುಸ್ತಕಗಳಲ್ಲಿ ಬರೆದ ಹಣ್ಣು ಹೂಗಳನ್ನು ನಾವು ಕಂಡಿಲ್ಲವಾದರೆ ಅವುಗಳ ಹೆಸರು ಹೇಳುವ ಅಗತ್ಯವೇ ಇಲ್ಲ. ಹಲಸಿನ ತೊಳೆ, ಕಳಿತ ರಸಬಾಳೆ, ಹುರಿಗಡಲೆ, ಲವಂಗ, ಮಳೆಗಾಲದ ಬಚ್ಚಲೊಲೆಯ ಹೊಗೆ ಇವೆಲ್ಲ ನಮ್ಮ ಮೂಗಿಗೆ ಚಿಕ್ಕಂದಿನಿಂದ ಗೊತ್ತು. ಬಾಳೆಹಣ್ಣಿನ ವಾಸನೆ ಬಂದರೆ ಅದು ಕಲ್ಪನೆಯೂ ಅಲ್ಲ. ಐಸೊಅಮೈಲ್ ಅಸಿಟೇಟ್ ಎಂಬ ಅದೇ ರಾಸಾಯನಿಕ ಬಾಳೆಹಣ್ಣಿನಲ್ಲೂ ಇದೆ, ಯೀಸ್ಟ್ ಕೆಲಸ ಮಾಡಿದ ಮದ್ಯದಲ್ಲೂ ಇದೆ. ಬೆಂಗಳೂರಿನ ಬ್ರೂವರಿಗಳ ಗೋಧಿ ಬಿಯರ್ ಕುಡಿದವರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ.

ಆಮೇಲೆ ನೀರು. ನೀರು ಬೆರೆಸಿದರೆ ಒಳ್ಳೆಯ ವಿಸ್ಕಿ ಹಾಳು ಎಂದು ಗದರುವವರ ಮಾತಿಗೆ ಹೆದರಬೇಡಿ. ಸ್ವೀಡನ್ನಿನ ಲಿನೀಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗ್ವಾಯಕಾಲ್ ಎಂಬ, ಹೊಗೆಯ ರುಚಿ ಕೊಡುವ ಅಣುವನ್ನು ಕಂಪ್ಯೂಟರ್ ಮಾದರಿಯಲ್ಲಿ ಹಿಂಬಾಲಿಸಿತು. ಆಲ್ಕೊಹಾಲ್ ಬಹಳ ಹೆಚ್ಚಿದ್ದಾಗ ಈ ಅಣು ದ್ರವದ ಒಳಗೇ ಹುದುಗಿರುತ್ತದೆ, ನೀರು ಸೇರಿ ಆಲ್ಕೊಹಾಲ್ ಪ್ರಮಾಣ ಇಳಿದಾಗ ಮೇಲ್ಮೈಗೆ ಬರುತ್ತದೆ ಎಂದು ಅವರು ಕಂಡರು. ನಿಮ್ಮ ಲೋಟದಲ್ಲೇ ನೋಡಿ: ಶೇ 50ರ ಮಾಲ್ಟ್‌ಗೆ ಚಮಚದಲ್ಲಿ ಕೆಲವೇ ಹನಿ ನೀರು ಹಾಕಿ ಮತ್ತೆ ಮೂಸಿದರೆ, ಅಷ್ಟು ಹೊತ್ತು ಅಡಗಿದ್ದ ಒಂದು ಗಂಧ ಎದ್ದು ಬಂದಿರುತ್ತದೆ. ಇದನ್ನು ಸ್ನೇಹಿತರ ಮುಖದಲ್ಲಿ ನೋಡುವುದು ನನಗೆ ಬಹಳ ಇಷ್ಟದ ಸಂಗತಿ. ಕುಡಿಯದವರು ಕುಡಿಯಲು ಆರಂಭಿಸಬೇಕು ಎಂದು ನಾನು ಎಂದೂ ಹೇಳುವುದಿಲ್ಲ. ಕುಡಿಯುವವರು ಕಡಿಮೆ ಕುಡಿದು ಹೆಚ್ಚು ಗಮನಿಸಲಿ ಎಂಬುದಷ್ಟೇ ನನ್ನ ಹಂಬಲ.

ಕೊನೆಗೆ, ಬೆಂಗಳೂರಿನ ಬಾರ್ ನಡೆಸುವವರಲ್ಲಿ ನನ್ನ ಕೋರಿಕೆ. ಸಿಂಗಲ್ ಮಾಲ್ಟ್‌ಗಳ ಪಟ್ಟಿಯನ್ನು ವಯಸ್ಸಿನ ಏಣಿಯಂತೆ ಜೋಡಿಸಿ, ವರ್ಷವಿಲ್ಲದ ನಮ್ಮೂರಿನ ಮಾಲ್ಟ್‌ಗಳನ್ನು ಕೊನೆಯ ಸಾಲಿಗೆ ತಳ್ಳಬೇಡಿ. ಹೆಸರಿನ ಪಕ್ಕದಲ್ಲಿ ಪೀಪಾಯಿ ಯಾವುದು, ಆಲ್ಕೊಹಾಲ್ ಎಷ್ಟು, ಪೀಟ್ ಹೊಗೆ ಇದೆಯೋ ಇಲ್ಲವೋ ಎಂದು ಬರೆಯಿರಿ. ಕೇಳದೆಯೇ ಐಸ್ ತುಂಬಿದ ದಪ್ಪ ಲೋಟದಲ್ಲಿ ಸುರಿದು ತರಬೇಡಿ. ಬಾಯಿ ಕಿರಿದಾದ ಲೋಟ ಮತ್ತು ಪಕ್ಕದಲ್ಲೊಂದು ಪುಟ್ಟ ಹೂಜಿಯಲ್ಲಿ ಕುಡಿಯುವ ನೀರು, ಇಷ್ಟು ಇಟ್ಟರೆ ಸಾಕು. ಇದನ್ನು ಈಗಾಗಲೇ ಮಾಡುತ್ತಿರುವ ಕಡೆ ನಿಮಗೆ ಗೊತ್ತಿದ್ದರೆ ಕೆಳಗೆ ಬರೆಯಿರಿ. ನಾನು ಖಂಡಿತ ಹೋಗುತ್ತೇನೆ.